ನಾಲಿಗೆಯ ಮೇಲೆ ಮರಳು

ಹತ್ತೊಂಬತ್ತು ವರ್ಷ ಟ್ಯಾಂಕರ್ ಓಡಿಸಿದವನು ನಾನು,
ವರ್ತೂರಿಂದ ಹೂಡಿ, ಹೂಡಿಯಿಂದ ಕಾಡುಗೋಡಿ.
ಊರಿನ ನೀರಡಿಕೆಯ ಮೇಲೆ ಎರಡಂತಸ್ತು ಎಬ್ಬಿಸಿದೆ.
ಈಗ ಟ್ಯಾಂಕರ್ ಮಾರಿದ ದುಡ್ಡು ಒಳಜೇಬಿನಲ್ಲಿ,
ಎದುರಿಗೆ ವಿಲ್ಸನ್ ಗಾರ್ಡನ್ನಿನ ಹಿಂದಿನ ಗಲ್ಲಿ,
ಸಾಲಾಗಿ ನಿಂತ ಮೂರು ಹಳೇ ಜೀಪು.
ಹೊಂಗೆಯ ಹೂ ಬಾನೆಟ್ಟಿನ ಮೇಲೆ ಉದುರಿ
ಬಣ್ಣ ಹೋದ ಜಾಗವನ್ನಷ್ಟೇ ಹುಡುಕಿ ಮುಚ್ಚಿದೆ.

"ಮರಳುಗಾಡಿಗಾ?" ದಲ್ಲಾಳಿ ಗುಣಶೀಲ ನಕ್ಕ.
"ಸಿಲ್ಕ್ ಬೋರ್ಡಿನಲ್ಲಿ ಒಂದು ಮಧ್ಯಾಹ್ನ ನಿಂತು ಬನ್ನಿ ಸಾರ್,
ಅದೂ ಅದೇ."
ನಾನೂ ನಕ್ಕೆ. ಖೇತಾರಾಮನ ಹೆಸರು ಎತ್ತಲಿಲ್ಲ.

ಖೇತಾರಾಮ ನನ್ನ ಕ್ಲೀನರ್. ಬಾಡಮೇರಿನಿಂದಲೂ ಆಚೆಯವನು.
ಪೈಪು ಬಿಚ್ಚುವಾಗ ಚೆಲ್ಲಿದ್ದಕ್ಕೆ ಅಂಗೈ ಒಡ್ಡಿ
ಮುಖಕ್ಕೆ ಬಳಿದುಕೊಳ್ಳುತ್ತಿದ್ದ, ವಿಭೂತಿಯ ಹಾಗೆ.
"ನಮ್ಮೂರಿಗೆ ಬನ್ನಿ ಅಣ್ಣ. ಟಾರು ಮುಗಿದ ಮೇಲೆ
ಹದಿನಾಲ್ಕು ಕಿಲೋಮೀಟರು, ಅಷ್ಟೆ."
ಅಷ್ಟೆ ಅನ್ನುವಾಗ ಅವನ ಕೈ
ಏರಿ, ಇಳಿದು, ಮತ್ತೆ ಏರುತ್ತಿತ್ತು.
ಆ ಏರಿಳಿತಕ್ಕೆ ಬೇಕು ನಾಲ್ಕೂ ಚಕ್ರದ ಎಳೆತ.

ಇನಾಯತ್ ಮೇಸ್ತ್ರಿ ಗೋಣಿಚೀಲ ಹಾಸಿ ಅಡಿಗೆ ತೂರಿದ.
ಹೊರಗೆ ಬರೀ ಎರಡು ಕಾಲು, ಒಳಗಿಂದ ದನಿ:
"ಇದು ಬೇಡ. ಚಾಸಿಗೆ ವೆಲ್ಡಿಂಗ್ ಬಿದ್ದಿದೆ,
ಮೇಲೆ ಕರಿ ಬಣ್ಣ. ಹೆಣಕ್ಕೆ ಪೌಡರ್."
ಎರಡನೆಯದರ ಆಯಿಲ್ ಕಡ್ಡಿ ಎಳೆದು ತೋರಿಸಿದ:
ಹಾಲು ಜಾಸ್ತಿಯಾದ ಕಾಫಿ.
ಏನೂ ಹೇಳದೆ ಬಾನೆಟ್ಟು ಮುಚ್ಚಿದ.

ಮೂರನೆಯದು ಬೂದಿ ಬಣ್ಣದ ಜಿಪ್ಸಿ.
"ಡಾಕ್ಟರಮ್ಮ ಒಬ್ಬರೇ ಓಡಿಸಿದ್ದು, ಜಯನಗರ, ಬಸವನಗುಡಿ, ಮನೆ.
ಫೋರ್ ವೀಲಿನ ಲಿವರ್ ಮುಟ್ಟೇ ಇಲ್ಲ, ದೇವರಾಣೆ."
ಮುಟ್ಟದ ಆ ಲಿವರಿನ ಗುಂಡಿ ನೋಡಿದೆ:
ಕೆತ್ತಿದ್ದ ಅಕ್ಷರವೆಲ್ಲ
ಯಾರದೋ ಅಂಗೈಗೆ ಅಂಟಿ ಹೋಗಿತ್ತು.

ಸೀಟಿನಡಿ ಕಾರ್ಪೆಟ್ಟಿನ ಮೂಲೆ ಕಿತ್ತರೆ
ಒಂದು ಚಿಟಿಕೆ ಮರಳು.
ಇನಾಯತ್ ಹುಬ್ಬು ಗಂಟಿಕ್ಕಿದ. "ಕಡಲಿನದಾದರೆ ಕೈಬಿಡಿ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು,
ಕಬ್ಬಿಣಕ್ಕೂ ಅದೇ ಗಾದೆ."

ನಾಲಿಗೆಯ ಮೇಲೆ ಇಟ್ಟುಕೊಂಡೆ.
ಮುನ್ನೂರು ಬೋರ್‌ವೆಲ್ ಹಾದುಹೋದ ನಾಲಿಗೆ ಇದು:
ಬೆಳ್ಳಂದೂರಿನ ಗಡಸು, ವೈಟ್‌ಫೀಲ್ಡಿನ ಸುಣ್ಣ,
ಸಾವಿರದ ಆರುನೂರು ಅಡಿಯಿಂದ ಬಂದ ಹಳೇ ಕಾಸಿನ ರುಚಿ.
ಯಾವುದನ್ನು ಹಗಲು ಸುರಿಯಬಹುದು,
ಯಾವುದನ್ನು ವಾಚ್‌ಮನ್ ಮಲಗಿದ ಮೇಲೆ,
ಎಲ್ಲಾ ಬಲ್ಲ ನಾಲಿಗೆ.

ಉಪ್ಪಿಲ್ಲ. ಚಿಪ್ಪಿನ ಚೂರಿಲ್ಲ.
ಹಲ್ಲಿಗೆ ಸಿಕ್ಕರೂ ಕಚ್ಚದ ದುಂಡು ಕಾಳು,
ಗಾಳಿ ಉರುಳಿಸಿ ಉರುಳಿಸಿ ಮಾಡಿದ್ದು,
ನೀರಿಗೆ ಇಷ್ಟು ತಾಳ್ಮೆ ಇಲ್ಲ.

ಗುಣಶೀಲನ ಮುಖ ನೋಡಿದೆ.
ಅವನು ಹೊಂಗೆಮರ ನೋಡಿದ.
"ದುಡಿದ ಗಾಡಿ," ಇನಾಯತ್ ಕಿವಿಯ ಹತ್ತಿರ ಬಂದ,
"ಬೇರಿಂಗು ಸವೆದಿರುತ್ತೆ, ಇಪ್ಪತ್ತು ಸಾವಿರ ಇಳಿಸಿ."
ಹದಿನೈದಕ್ಕೆ ಕೈ ಕುಲುಕಿದೆವು.

ನಮ್ಮಲ್ಲಿ ಹೊರಡುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ.
ಒಂದು ಲೋಡಿಗೆ ಹೊರಟರೂ ಹೋಗಿ ಬರ್ತೀನಿ.
ಎಂಟು ವರ್ಷದಲ್ಲಿ ಕನ್ನಡವೆಲ್ಲ ಕಲಿತವನು
ಖೇತಾರಾಮ ಇದೊಂದನ್ನು ಕಲಿಯಲಿಲ್ಲ.
ಯಶವಂತಪುರದಲ್ಲಿ ರೈಲು ಹತ್ತುತ್ತಾ
"ಹೋಗ್ತೀನಿ ಅಣ್ಣ" ಅಂದ.
ನಾನು ತಿದ್ದಲಿಲ್ಲ.
ಮೂರು ತಿಂಗಳ ಸಂಬಳ ಬಾಕಿ ಇತ್ತು,
ಕಳಿಸ್ತೀನಿ ಅಂದಿದ್ದೆ.

ಜಿಪ್ಸಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.
ಇದು ಹೋಗಿದೆ, ಬಂದಿದೆ;
ಇದಕ್ಕಿಂತ ಕಾಗದಪತ್ರ ಬೇಕಿಲ್ಲ ನನಗೆ.
ಮರಳನ್ನು ಗುಡಿಸದೆ ಕಾರ್ಪೆಟ್ಟು ಎಳೆದು ಮುಚ್ಚಿ
ಹೊಸೂರು ರಸ್ತೆಗೆ ತಿರುಗಿಸಿದೆ.
ಹಲ್ಲಿನ ಸಂದಿಯಲ್ಲಿ ಒಂದು ಕಾಳು
ವರ್ತೂರು ಕೋಡಿಯ ತನಕ ಕರಕರ ಅನ್ನುತ್ತಿತ್ತು.